ಪಕ್ಕದ ತಂತಿಯ ಮಾತು

ಯೆಮ್ಟ್‌ಲ್ಯಾಂಡಿನ ಈ ಕಡೆ, ಜೂನ್ ಬರುವತನಕ
ಗುದ್ದಲಿಗೆ ನೆಲ ಬಾಯಿ ಬಿಡುವುದಿಲ್ಲ.
ಬಿಟ್ಟಮೇಲೆ ಊರಿಗೆ ಊರೇ ಅಗೆಯಿತು:
ಶಾಲೆಯ ಮೇಷ್ಟ್ರು, ಹಾಲಿನ ಲಾರಿಯವನು, ಪಾದ್ರಿಯ ಹೆಂಡತಿ,
ಬಾಡಿಗೆಗೆ ತಂದ ಒಂದು ಹಳದಿ ಯಂತ್ರ.
ಮೊಣಕಾಲಾಳದ ಕಾಲುವೆಯಲ್ಲಿ ಕಿತ್ತಳೆ ಬಣ್ಣದ ಕೊಳವೆ,
ಅದರೊಳಗೆ ಕೂದಲೆಳೆಯಷ್ಟು ಗಾಜು.

ನನಗೆ ಎರಡು ಕೆಲಸ.
ಬೆಳಿಗ್ಗೆ ಗಾಜು ಬೆಸೆಯುವುದು,
ಮಧ್ಯಾಹ್ನ ತಾಮ್ರ ಕೀಳುವುದು.
ನಲವತ್ತೈದು ವರ್ಷ ನಾನೇ ಕಾದ ತಾಮ್ರ.
ಕರೆಂಟು ಹೋದ ಹಿಮದ ರಾತ್ರಿಯಲ್ಲೂ
ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತಿತ್ತು.
ಗುಜರಿಯವನು ಕಿಲೋಗೆ ಇಷ್ಟು ಎಂದ. ಹೂಂ ಎಂದೆ.

ಗಾಜು ಬೆಸೆಯಲು ಯಂತ್ರವಿದೆ.
ತಪ್ಪಿದರೆ ಪರದೆಯ ಮೇಲೆ ಕೆಂಪು, ಮತ್ತೆ ಕತ್ತರಿಸು ಅನ್ನುತ್ತದೆ.
ತಾಮ್ರಕ್ಕೆ ಇದ್ದದ್ದು ಕೈ, ಅದೂ ಚಳಿಗೆ ಮರಗಟ್ಟಿದ ಕೈ.

ಕೆರೆಯ ತಿರುವಿನಲ್ಲಿ, ಪಾಚಿಯ ಕೆಳಗೆ
ಸೀಸದ ಹಳೆಯ ಗಂಟೊಂದು ಸಿಕ್ಕಿತು. ಬಿಚ್ಚಿದೆ.
ಒಂದು ಜೋಡಿಯ ನೀಲಿ
ಇನ್ನೊಂದು ಜೋಡಿಯ ಬಿಳಿಯ ಜೊತೆ ಸಂಸಾರ ಹೂಡಿತ್ತು.
ಸುತ್ತಿದ ರೀತಿ ನೋಡಿದರೆ ಗೊತ್ತಾಯಿತು, ನನ್ನದೇ ಕೈ,
ಹತ್ತೊಂಬತ್ತರ ಹರೆಯದ್ದು.
ಹೀಗೆ ಜೋಡಿ ತಪ್ಪಿದರೆ ಮಾತು ಸೋರುತ್ತದೆ,
ಈ ಮನೆಯದು ಆ ಮನೆಗೆ.
ಪಟ್ಟಿ ತೆಗೆದು ನೋಡಿದೆ:
ಒಂದು ಐನಾಳ ಮನೆ, ಒಂದು ವಾಲ್ಬೋರ್ಗ್‌ಳ ಮನೆ.

ಗೋಡೆಗೂ ಕಿವಿ ಅನ್ನುತ್ತಾರೆ.
ಇವರ ನಡುವೆ ಗೋಡೆಯೂ ಇರಲಿಲ್ಲ, ಒಂದೂವರೆ ಮೈಲಿ ಕಾಡು,
ಮತ್ತು ಒಂದು ದೋಣಿಯ ಜಗಳ.
ಯಾರು ಹುಟ್ಟು ಮುರಿದರೋ, ಯಾರಿಗೂ ನೆನಪಿಲ್ಲ.
ಮೂವತ್ತು ವರ್ಷ ಮಾತಿಲ್ಲ.
ದೂರೂ ಬರಲಿಲ್ಲ ಯಾರಿಂದಲೂ, ಒಂದೇ ಒಂದು.

ಐನಾ ಕಾಫಿ ಬಸಿದಳು. ತಪ್ಪು ನನ್ನದು ಎಂದೆ.
“ಗೊತ್ತಿತ್ತು, ಇಂಗ್ವರ್. ರಿಪೇರಿಗೆ ಬಂದುಬಿಟ್ಟೀಯ ಅಂತ
ಪ್ರತಿ ವರ್ಷ ಹೆದರುತ್ತಿದ್ದೆ.”
ಸಂಜೆ ಏಳಕ್ಕೆ ವಾಲ್ಬೋರ್ಗ್ ತಂಗಿಗೆ ಫೋನು ಮಾಡುವಳು,
ಕಿಟಕಿಯ ಹೊರಗೆ ಎಷ್ಟು ಡಿಗ್ರಿ ಚಳಿ ಎಂದು ಓದುವಳು.
ಐನಾ ರಿಸೀವರ್ ಎತ್ತಿ ಸುಮ್ಮನೆ ಹೆಣೆಯುತ್ತ ಕೂರುವಳು.
ನೀರಿನಡಿಯಿಂದ ಬಂದಂಥ ದನಿ.
ಕೆಮ್ಮು ಕೇಳಿದ ವರ್ಷ,
ಕಾಡಿನ ಹಳದಿ ಹಣ್ಣು ಒಂದು ಬಕೆಟ್ಟು,
ರಾತ್ರೋರಾತ್ರಿ ಅವಳ ಮೆಟ್ಟಿಲ ಮೇಲೆ ಇಟ್ಟು ಬಂದಳಂತೆ.

“ಹೋದ ಬುಧವಾರ, ತಂತಿ ಕಡಿಯುವ ಹಿಂದಿನ ರಾತ್ರಿ,
ಡಿಗ್ರಿ ಹೇಳಿದಳು. ತಂಗಿ ಫೋನಿಟ್ಟಳು.
ಇವಳು ಇಡಲಿಲ್ಲ.
ಉಸಿರು ಕೇಳುತ್ತಿತ್ತು. ಆಮೇಲೆ,
‘ನಿನ್ನ ಬಕೆಟ್ಟು ನನ್ನ ಹತ್ತಿರವೇ ಇದೆ, ಐನಾ’ ಅಂದಳು.”

ಸೋರುವುದು ಎರಡೂ ಕಡೆಗೆ.
ಇಷ್ಟು ವರ್ಷ ಕೆಲಸ ಮಾಡಿದ ನನಗೆ ಅದು ಹೊಳೆಯಲಿಲ್ಲ.
ಹೆಣಿಗೆಯ ಕಡ್ಡಿಯ ಸದ್ದು ಕೇಳುತ್ತಾ
ಚಳಿಯ ಲೆಕ್ಕ ಓದುತ್ತಿದ್ದಳು ಅವಳು.

“ನೀನು ಏನಂದೆ?” ಕೇಳಿದೆ.
ಐನಾ ಸಕ್ಕರೆ ಮುಂದಕ್ಕೆ ತಳ್ಳಿದಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.
ಗಾಜೂ ಹಾಗೆಯೇ.
ಆದರೆ ಅದು ಪಕ್ಕದ ಎಳೆಗೆ ಏನನ್ನೂ ಹೇಳುವುದಿಲ್ಲ.
ಅದನ್ನೇ ನಾವು ಗುಣ ಎಂದು ಮಾರಿದ್ದು.

ಫೈಬರ್ ಬೇಡವೆಂದು ಹಟ ಹಿಡಿದ ಕೊನೆಯ ಮನೆ ವಾಲ್ಬೋರ್ಗ್‌ಳದು.
ಶನಿವಾರ ಒಪ್ಪಿದಳು. ಗೋಡೆ ಕೊರೆಯಲು ಹೋದೆ.
ಬಾಗಿಲ ಪಕ್ಕ, ಕೊರೆಯಬೇಕಾದಲ್ಲೇ,
ನೀಲಿ ಬಕೆಟ್ಟೊಂದು ಮೊಳೆಗೆ ನೇತುಹಾಕಿತ್ತು, ತೊಳೆದದ್ದು.
ತೆಗೆದು ಒಳಗಿಡಲೇ ಎಂದೆ.
“ಬೇಡ,” ಅಂದಳು.
“ಕೈಗೆ ಸಿಗುವ ಹಾಗೆ ಇಡು.”