ಮುಖ ಗಂಟಿಕ್ಕಿದವರು

ವಾಡಿಯೊಳಗ ಮೇ ತಿಂಗಳ ಮಧ್ಯಾಹ್ನ.
ಶಹಾಬಾದ ಕಲ್ಲಿನ ಮ್ಯಾಲ ನೀರು ಚಿಮುಕಿಸಿ
ಅಂಗಾತ ಬಿದ್ದು ಓದ್ತೀನಿ
ಲೈಬ್ರರಿ ಮುದ್ರಿ ಬಿದ್ದ, ಬೆನ್ನು ಮುರಿದ ಕಾದಂಬರಿ.

ಅದರೊಳಗಿನ ಅಂವ ನಗೂದೇ ಇಲ್ಲ.
ಹನ್ನೆರಡು ಮಳಿಗಾಲ ಒಂದೇ ಕಿಟಕಿ, ಒಂದೇ ಸಿಟ್ಟು.
ಆಕಿ ಪತ್ರ ಒಡೀದೆ ದೀಪಕ್ಕ ಹಿಡಿದು
ಆಮ್ಯಾಲ ಬೂದಿಯೊಳಗ ಅಕ್ಷರ ಹುಡುಕ್ತಾನ.
ಯಾರೋ ಅಲ್ಲೇ ಪೆನ್ಸಿಲ್ಲಿಂದ ಗೆರಿ ಎಳದಾರ,
ಗೆರಿ ಕೊನಿಗೆ ಜರಾ ನಡುಗ್ಯಾದ.

ಇಂಥವರಂದ್ರ ನನಗ ಜೀವ.
(ಮನಿಗೆ ಬಂದಿದ್ರ ಒಂದು ದಿನಾನೂ ತಡಕೊಳ್ಳತಿದ್ದಿಲ್ಲ.
ರೊಟ್ಟಿ ಆರತಾವ, ಏಳಪ್ಪಾ, ಅಂತಿದ್ದೆ.)

ನಮ್ಮಂವ ಸೂಗಪ್ಪ, ಪಾರ್ಸಲ್ ಆಫೀಸಿನ ಗುಮಾಸ್ತ,
ಬಾಗಿಲದಿಂದನೇ ಮಾತು ಸುರು:
ಯಾವ ಗಾಡಿ ಎಷ್ಟು ಲೇಟು,
ಯಾರ ಮಾವಿನ ಬುಟ್ಟಿ ಪ್ಲಾಟ್‌ಫಾರ್ಮಿನ್ಯಾಗೇ ಕೊಳೀತು,
‘ಮತ್ತ ಆ ಅಳೂ ಗಂಡಸಿನ ಕಿತಾಬೇನು?’

ನಿನ್ನಿ ಬಂದಂವ ಚಪ್ಪಲಿ ಬಿಡಲಿಲ್ಲ.
ಹೊಸ್ತಿಲ ಮ್ಯಾಲ ಕುಂತ.
ಕರೆಂಟು ಹೋಯ್ತು, ಬಂತು, ಮತ್ತ ಹೋಯ್ತು.
ಏನಾಯ್ತಂದೆ.
ಏನಿಲ್ಲಂದ.

ಕಾದಂಬರಿಯೊಳಗಿನ ಮೌನಕ್ಕ ಪುಟದ ನಂಬರ ಇರತದ,
ಮುಂದಿನ ಅಧ್ಯಾಯ ಎಷ್ಟು ದೂರ ಅಂತ
ಬೆರಳಿಗೆ ತಿಳೀತದ.
ಇದಕ್ಕ?
ಇಷ್ಟು ವರ್ಷ ಮುಖ ಗಂಟಿಕ್ಕಿದವರನ್ನೇ ಓದಿದಾಕಿ
ಒಂದು ಸಾಲೂ ಓದಲಾರದೆ
ಕತ್ತಲದಾಗ ತಂಬಿಗಿ ನೀರು ಹಿಡಕೊಂಡು ನಿಂತೆ.

ದೂರ ಗೂಡ್ಸ್ ಗಾಡಿ ಕೂಗಿತು.
ಎಷ್ಟು ಲೇಟು ಅಂತ
ಅಂವ ಹೇಳಲಿಲ್ಲ.