ನೆಲಮಾಳಿಗೆಯಲ್ಲಿ ಮೂವತ್ತು ಡಿಗ್ರಿ

ಮೂವತ್ತೆಂಟು ವರ್ಷ ಕಬ್ಬಿಣ ಕರಗಿಸಿದವನು ನಾನು,
ಸಾವಿರದೈನೂರು ಡಿಗ್ರಿಯ ಬಾಯೆದುರು ನಿಂತು
ಹುಬ್ಬು ಸುಟ್ಟುಕೊಂಡವನು.
ಈಗ ಡ್ಯೂಸ್‌ಬುರ್ಗಿನ ಈ ನೆಲಮಾಳಿಗೆಯಲ್ಲಿ
ಮೂವತ್ತು ಇಪ್ಪತ್ತೆಂಟಾದರೆ
ಎದೆ ಧಸಕ್ಕೆನ್ನುತ್ತದೆ.

ಹಿಂದೆ ಇಲ್ಲಿ ಕಲ್ಲಿದ್ದಲು ತುಂಬುತ್ತಿದ್ದೆವು.
ಗೋಡೆಯ ಮಸಿ ಇನ್ನೂ ಹೋಗಿಲ್ಲ.
ಅದಕ್ಕೇ ಒರಗಿಸಿ ಏಳು ಗಾಜಿನ ತೊಟ್ಟಿ;
ಮೂಲೆಯದರಲ್ಲಿ ಇವರಿಬ್ಬರು, ಡಿಸ್ಕಸ್ ಜೋಡಿ.
ಎದುರಿಂದ ನೋಡಿದರೆ ಬರೀ ಒಂದು ಗೆರೆ,
ಮಗ್ಗುಲಾದರೆ ಊಟದ ತಟ್ಟೆಯಷ್ಟು ಅಗಲ.

ಇವರ ಮುತ್ತಜ್ಜಂದಿರ ಹೊಳೆಯಲ್ಲಿ ಸುಣ್ಣವಿಲ್ಲವಂತೆ,
ನಮ್ಮ ನಲ್ಲಿಯಲ್ಲಿ ಬರುವುದೇ ಸುಣ್ಣ.
ಸೋಸಿ, ಸೋಸಿ, ಮತ್ತೆ ಸೋಸಿ
ಹನಿಹನಿಯಾಗಿ ಒಂದು ಅಮೆಜಾನ್ ಮಾಡಿದೆ,
ನೂರಿಪ್ಪತ್ತು ಲೀಟರಿನದು.

ಮಣ್ಣಿನ ಶಂಕುವಿನ ಮೇಲೆ ಸಾಲುಸಾಲಾಗಿ
ಅವಳು ಮೊಟ್ಟೆ ಅಂಟಿಸಿದಳು,
ಅವನು ಹಿಂದೆಯೇ ಸವರುತ್ತ ಬಂದ.
ಬೆಳಗಾಗುವಷ್ಟರಲ್ಲಿ ಶಂಕು ಖಾಲಿ.
ತಿಂದವರು ಯಾರೆಂದು ಇಬ್ಬರೂ ಬಾಯಿಬಿಡಲಿಲ್ಲ.
ಎರಡನೆಯ ಸಲ ಬಿಳಿ ಬೂಷ್ಟು.
ಮೂರನೆಯ ಸಲ ಮತ್ತೆ ಖಾಲಿ.
ನಾಲ್ಕನೆಯದಕ್ಕೆ ತಂತಿಬಲೆ ತೊಡಿಸಿ
ಮಡಚುವ ಕುರ್ಚಿ ತಂದು ಹಾಕಿ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.

ಎರಡೂವರೆ ದಿನಕ್ಕೆ ಬಾಲ ಮಿಡಿದವು.
ಬಲೆ ತೆಗೆದೆ.
ಐದನೆಯ ರಾತ್ರಿ ಕಳಚಿಕೊಂಡು ತೇಲಿದವು,
ಎಲ್ಲಿಗೆ ಹೋಗಬೇಕೆಂದು ತಿಳಿಯದ ಧೂಳು.
ನೀರನ್ನು ಅರ್ಧಕ್ಕಿಳಿಸಿದೆ,
ಕಳೆದುಹೋಗಲು ಜಾಗ ಕಡಿಮೆಯಿರಲಿ ಎಂದು.
ದೀಪ ಆರಿಸಲಿಲ್ಲ.
ಅಪ್ಪ ಕಪ್ಪಾದ, ಅಮ್ಮ ಕಪ್ಪಾದಳು,
ಬೆಳಕಿನ ನಡುವೆ ಕತ್ತಲಾಗಿ ನಿಂತರು
ಮಕ್ಕಳ ಕಣ್ಣಿಗೆ ಬೀಳಲೆಂದು.
ಒಂದು ಹೋಗಿ ಅಂಟಿತು.
ಆಮೇಲೆ ಹತ್ತು. ಆಮೇಲೆ ಎಣಿಕೆ ತಪ್ಪಿತು.

ಎರಡೂ ಮುಕ್ಕಾಲಿಗೆ ಮೆಟ್ಟಿಲ ಮೇಲೆ ಸಪ್ಪಳ.
ಮೇಲಿನ ಮನೆಯ ಸೆವ್ದಾ,
ಕಾಲಿಗೆ ಗಂಡನ ಚಪ್ಪಲಿ,
ಹೆಗಲಿಗೆ ಇಪ್ಪತ್ತು ದಿನದ ಕೂಸು.
"ಶಿಮಾನಿಯಾಕರೇ, ನಿಮ್ಮ ದೀಪ ಉರೀತಿತ್ತು.
ಇಲ್ಲಿ ಬೆಚ್ಚಗಿದೆ. ಒಂದು ಗಳಿಗೆ ನಿಲ್ಲಲಾ?"
ಗಾಜಿಗೆ ಮುಖ ತಂದಳು.
"ಏನು ತಿನ್ನುತ್ತಿವೆ?"
"ಅವರ ಮೈಯನ್ನೇ.
ಚರ್ಮದಲ್ಲಿ ಹಾಲಿನಂಥದ್ದು ಜಿನುಗುತ್ತದೆ."
"ಗಂಡಿಗೂನಾ?"
"ಗಂಡಿಗೂ."
ಅಷ್ಟರಲ್ಲಿ ತಾಯಿ ಮೀನು
ಪಕ್ಕೆಯನ್ನೊಮ್ಮೆ ಫಕ್ಕನೆ ಕೊಡವಿತು.
ಮರಿಗಳ ಮೋಡ ಹೌಹಾರಿ, ಚೆದುರಿ, ತೂಗಿ
ಅಪ್ಪನ ಮೈಗೆ ಹತ್ತಿಕೊಂಡಿತು.
ತಾಯಿ ಮೂಲೆಗೆ ಹೋಗಿ ಸುಮ್ಮನೆ ನಿಂತಳು.

ಸೆವ್ದಾ ಬಹಳ ಹೊತ್ತು ನೋಡಿದಳು.
ಒಬ್ಬಳೇ ನಕ್ಕಳು. ಮೆಟ್ಟಿಲು ಹತ್ತಿದಳು.
ಮೇಲೆ ಬಾಗಿಲು ತೆರೆದ ಸದ್ದು, ಯಾಲ್ಚಿನ್ ಎಂಬ ಕೂಗು.
ತುರ್ಕಿ ನನಗೆ ಬಾರದು.
ಆ ರಾತ್ರಿ ಅಷ್ಟೂ ಅರ್ಥವಾಯಿತು.

ನನ್ನ ಮಗ ಹುಟ್ಟಿದ ವರ್ಷ
ನನಗೆ ಪೂರ್ತಿ ರಾತ್ರಿಪಾಳಿ.
ಅವನು ಹೇಗೆ ಅಳುತ್ತಿದ್ದನೆಂದು ಕೇಳಿದರೆ ಹೇಳಲಾರೆ;
ಮೂರನೆಯ ಕುಲುಮೆ ಹೇಗೆ ಗುಂಯ್‌ಗುಡುತ್ತಿತ್ತು, ಕೇಳಿ,
ಈಗಲೂ ಬಾಯಲ್ಲಿ ಮಾಡಿ ತೋರಿಸುತ್ತೇನೆ.

ಒಂಬತ್ತನೆಯ ದಿನ ಗಂಡ ಹೆಂಡತಿ ಜಗಳ.
ಮರಿಗಳು ನನಗಿರಲಿ, ನನಗಿರಲಿ ಎಂದು
ರೆಕ್ಕೆ ಹರಿಯುವಷ್ಟು.
ನಡುವೆ ಗಾಜಿನ ಹಲಗೆ ಇಳಿಸಿದೆ.
ಅವಳು ಅದರಾಚೆಯಿಂದ ನೋಡುತ್ತಲೇ ಇದ್ದಳು.
ನೂರನಲವತ್ತಿದ್ದವು ಎಂಬತ್ತಮೂರಾದವು,
ಕರೆಂಟಿನ ಬಿಲ್ಲು ಮಾತ್ರ ಇಳಿಯಲಿಲ್ಲ.

"ಒಂದು ಕೊಡಿ, ಇವಳಿಗೆ ಆಡಲು," ಎಂದಳು ಸೆವ್ದಾ.
"ಒಂಟಿಯಾಗಿ ಬದುಕುವುದಿಲ್ಲ, ಐದಾದರೂ ಬೇಕು."
"ಐದೇ! ನನಗೆ ಒಂದರಲ್ಲೇ ಸಾಕಾಗಿದೆ."

ಇಪ್ಪತ್ತೆರಡನೆಯ ದಿನ ಮರಿಗಳನ್ನು ಬೇರೆ ಮಾಡಿದೆ.
ಅಪ್ಪನ ಪಕ್ಕೆಯ ತುಂಬ ಕಚ್ಚಿದ ಗುರುತು.
ಮಾರನೆಯ ಬೆಳಿಗ್ಗೆಯೂ ಅವನು
ಖಾಲಿ ನೀರಿಗೆ ಮೈಯೊಡ್ಡಿಕೊಂಡು
ತುಸು ವಾಲಿ ನಿಂತೇ ಇದ್ದ.

ನೀರು ಬದಲಿಸುವ ಹೊತ್ತು.
ಬಕೆಟ್ಟಿಗೆ ಮೊಣಕೈ ಅದ್ದಿ ನೋಡಿದೆ,
ಥರ್ಮಾಮೀಟರ್ ಜೇಬಿನಲ್ಲೇ ಇತ್ತು.
ಕೂಸಿಗೆ ಎರೆಯುವ ನೀರನ್ನು ಹೀಗೇ ನೋಡುತ್ತಾರಂತೆ,
ಸೆವ್ದಾ ಹೇಳಿಕೊಟ್ಟದ್ದು.