ಉಣುಗೋಲು

ಮಾಲ್ದಾರೆ ತೋಟದ ದಾರಿಗೆ ಹೊನ್ನೆಯ ಕಂಬ.
ಅಲುಗದ ಹಾಗೆ ಅದರ ಮೇಲೆ ನನ್ನನ್ನು ಕೂರಿಸಿ
ವೇಲು ಆಚಾರಿ ಬೈರಿಗೆ ತಿರುಗಿಸುತ್ತಿದ್ದರು,
ಎರಡೂ ಕೈ, ಎದೆಯ ಒತ್ತು.
ಲಂಗದ ತುಂಬ ಕಂದು ಸುರುಳಿ,
ಬೆವರು ಬಿದ್ದಲ್ಲಿ ಹಳದಿ ಕಲೆ.

ಅರ್ಧ ಈಚೆಯಿಂದ. ಹೊರಳಿಸಿ, ಅರ್ಧ ಆಚೆಯಿಂದ.
"ನಡುವೆ ಸೇರದಿದ್ದರೆ?" ಅಂದೆ.
ಎಣ್ಣೆ ಸವರಿದರು, ಉತ್ತರವಿಲ್ಲ.

ಮಧ್ಯಾಹ್ನ ದಾಟಿ ಬೈರಿಗೆ ಒಮ್ಮೆಗೇ ಹಗುರಾಯಿತು.
ಊದಿ, "ನೋಡು" ಅಂದರು:
ಆ ಕೊನೆಯಲ್ಲಿ ಒಂದು ಕಾಫಿ ಎಲೆ,
ಬಿಸಿಲು, ಅವರ ನಾಯಿಯ ಕಿವಿ.

ಆರು ತೂತು, ಮೂರು ಬಿದಿರು, ಎರಡು ದಿನದ ಕೂಲಿ.

ಮೂರನೇ ರಾತ್ರಿ ಆನೆ ಬಂತು.
ಕಂಬ ಮುರಿಯಲಿಲ್ಲ;
ಒಂದೊಂದೇ ಬಿದಿರು ಎಳೆದು ಬದಿಗಿಟ್ಟು
ಹಲಸಿಗೆ ಹೋಯಿತು.

ಸಾಹುಕಾರರು ಬೈಯುತ್ತಲೇ ಇದ್ದರು.
ಆಚಾರಿ ತೂತಿನೊಳಗೆ ಬೆರಳು ತಿರುಗಿಸಿ
"ಎಲ್ಲೂ ಸಿಕ್ಕಿಕೊಂಡಿಲ್ಲ" ಅಂದರು,
ನನಗೆ ಮಾತ್ರ ಕೇಳುವಂತೆ.